9 ಲಕ್ಷ ಡಿಗ್ರಿಗಳ (ಡಿಗ್ರಿ ಆಫ್ ಫ್ರೀಡಂ) ಅಣೆಕಟ್ಟು ಮಾಡೆಲ್: ಒಂದು ಭೂಕಂಪಕ್ಕೆ 14 ಗಂಟೆ, 200 ಮೋಡ್ ತೆಗೆದರೂ ಮಾಸ್ 58% ದಾಟುತ್ತಿಲ್ಲ

ಬ್ಲಾಕ್_ಲೆಕ್ಕ (ಪ್ರಶ್ನೆ)

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಅಡ್ಡಕೊಯ್ತವನ್ನು ಇಟ್ಟುಕೊಂಡು ಭೂಕಂಪದ ಲೆಕ್ಕಕ್ಕೆ ಕಟ್ಟಿದ ತ್ರೀಡಿ ಮಾಡೆಲ್ ಇದು. ಎತ್ತರ 103 ಮೀ, ತಳದ ಅಗಲ 70 ಮೀ, ನೆತ್ತಿಯ ಅಗಲ 14.8 ಮೀ, ಬ್ಲಾಕಿನ (ಎರಡು ಜಾಯಿಂಟ್‌ಗಳ ನಡುವಿನ ತುಂಡಿನ) ದಪ್ಪ 15 ಮೀ. ಬ್ಲಾಕಿನ ನಟ್ಟನಡುವೆ ಹೊಳೆಯ ದಿಕ್ಕಿಗೆ ಒಂದು ತೂಬು ಹಾಯುತ್ತದೆ, ಅದಕ್ಕೆ ಅಡ್ಡಲಾಗಿ ತಪಾಸಣಾ ಗ್ಯಾಲರಿ ಇದೆ. (ತೂಬು ನಾವು ಸೇರಿಸಿದ್ದು, ಅಡ್ಡಕೊಯ್ತ ಮಾತ್ರ ಕೊಯ್ನಾದ್ದು.) ಅವೆರಡೂ ಕೂಡುವ ಮೂಲೆಗಳ ಸ್ಟ್ರೆಸ್ ಬೇಕಿರುವುದರಿಂದ ಟೂಡಿ ಸಾಲುವುದಿಲ್ಲ.

ಕಾಂಕ್ರೀಟ್: ಇ (ಯಂಗ್ ಮಾಡ್ಯುಲಸ್, ಸ್ಥಿತಿಸ್ಥಾಪಕತೆಯ ಅಳತೆ) 31 ಗಿಗಾಪ್ಯಾಸ್ಕಲ್, ಸಾಂದ್ರತೆ ಘನ ಮೀಟರಿಗೆ 2643 ಕೆಜಿ. ಬಂಡೆ: ಇ 20 ಗಿಗಾಪ್ಯಾಸ್ಕಲ್, ಪಾಯ್ಸನ್ 0.25, ಸಾಂದ್ರತೆ 2700. ಬಂಡೆಯ ಭಾಗ 400 ಮೀ ಉದ್ದ, 150 ಮೀ ಆಳ, ಅದೇ 15 ಮೀ ದಪ್ಪ. ತಳ ಬಿಗಿ, ಪಕ್ಕಕ್ಕೆ ರೋಲರ್. ಅಣೆಕಟ್ಟಿನಲ್ಲಿ 1 ಮೀ ಎಲಿಮೆಂಟ್. ಒಟ್ಟು 9 ಲಕ್ಷ ಡಿಗ್ರಿ (ಪ್ರತಿ ನೋಡ್, ಅಂದರೆ ಮೆಶ್ ಬಿಂದು, ಮೂರು ದಿಕ್ಕಿಗೆ ಚಲಿಸುವುದರಿಂದ ತಲಾ ಮೂರು), ಅಣೆಕಟ್ಟಿಗೆ 1.8 ಲಕ್ಷ, ಉಳಿದ 7.2 ಲಕ್ಷ ಬಂಡೆಗೆ. ಎಲ್ಲವೂ ಲೀನಿಯರ್. ನೀರಿಗೆ ವೆಸ್ಟರ್‌ಗಾರ್ಡ್ ಮಾಸ್ (ನೀರಿನ ಬದಲು ಅಣೆಕಟ್ಟಿನ ಮುಖಕ್ಕೆ ಅಂಟಿಸುವ ಮಾಸ್) ಹಾಕಬೇಕೆಂದಿದ್ದೇವೆ, ಇನ್ನೂ ಹಾಕಿಲ್ಲ.

ಲೆಕ್ಕ ನೇರ ಇಂಟಿಗ್ರೇಷನ್ (ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಬಿಡಿಸುವುದು): ನ್ಯೂಮಾರ್ಕ್ ಸರಾಸರಿ ವೇಗೋತ್ಕರ್ಷ, ಹೆಜ್ಜೆ 0.005 ಸೆಕೆಂಡು, 20 ಸೆಕೆಂಡಿನ ದಾಖಲೆ, ಅಂದರೆ 4000 ಹೆಜ್ಜೆ. 16 ಜಿಬಿ ಮೆಮೊರಿಯ ಯಂತ್ರದಲ್ಲಿ ಒಂದು ದಾಖಲೆಗೆ 14 ಗಂಟೆ ಹಿಡಿಯುತ್ತಿದೆ, ಅಂಥ ಏಳು ದಾಖಲೆಗಳಿವೆ. ಲಾಗ್ ಫೈಲಿನಲ್ಲಿ ಫ್ಯಾಕ್ಟರ್ (ಸಮೀಕರಣ ಬಿಡಿಸಲು ಒಡೆದಿಟ್ಟ ಮ್ಯಾಟ್ರಿಕ್ಸ್) ಗಾತ್ರ 10 ಜಿಬಿ ಎಂದಿದೆ.

ಮೋಡಲ್ ವಿಧಾನದ (ಮೋಡ್, ಅಂದರೆ ಸ್ವಂತ ಆವರ್ತನದ ಕಂಪನದ ಆಕಾರಗಳನ್ನು ಕೂಡಿಸಿ ಉತ್ತರ ಪಡೆಯುವುದು) ಕಡೆ ಹೊರಳಿ ಲ್ಯಾಂಕ್‌ಜೋಸ್‌ನಲ್ಲಿ 200 ಮೋಡ್ ತೆಗೆದೆವು. ಮೊದಲ ಮೋಡ್ 1.1 ಹರ್ಟ್ಸ್. ಈ ಮೋಡ್‌ಗಳಲ್ಲಿ ಪಾಲ್ಗೊಳ್ಳುವ ಹೊಳೆಯ ದಿಕ್ಕಿನ ಮಾಸ್ ಒಟ್ಟಿನ ಬರೀ 58%. ನೆತ್ತಿಯ ಚಲನೆ ನೇರ ಇಂಟಿಗ್ರೇಷನ್ ಜೊತೆ ಹೊಂದುತ್ತದೆ, ಆದರೆ ಹೀಲ್‌ನ (ನೀರಿನ ಕಡೆಯ ಬುಡದ ಮೂಲೆಯ) ಲಂಬ ಸ್ಟ್ರೆಸ್ ಸುಮಾರು 20% ಕಡಿಮೆ ಬರುತ್ತಿದೆ. ನಿಯಮದ 90% ಮುಟ್ಟಲು 1000 ಮೋಡ್ ತೆಗೆಯಬೇಕೇ? ಅಥವಾ ದೊಡ್ಡ ಯಂತ್ರ ಕೊಳ್ಳುವುದೇ ದಾರಿಯೇ?

---

ಸ್ಪಾರ್ಸ್_ಸಾಲ್ವರ್

1000 ಮೋಡ್ ತೆಗೆಯಬೇಡಿ. ಆ 58% ಯಾವುದರ 58% ಎಂದು ಮೊದಲು ನೋಡಿ.

ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3590 ಚದರ ಮೀಟರ್. 15 ಮೀ ದಪ್ಪಕ್ಕೆ ಅಣೆಕಟ್ಟಿನ ಮಾಸ್ 1.42 ಲಕ್ಷ ಟನ್. ಬಂಡೆಯದು 400 × 150 × 15 × 2.7, ಅಂದರೆ 24.3 ಲಕ್ಷ ಟನ್. ಒಟ್ಟಿನಲ್ಲಿ ಅಣೆಕಟ್ಟಿನ ಪಾಲು 5.5% ಅಷ್ಟೇ. ಅಣೆಕಟ್ಟಿನ ಒಂದು ಮೋಡೂ ಸಿಗದೆ 90% ದಾಟಬಹುದು, ಅಣೆಕಟ್ಟಿನ ಮೋಡ್‌ಗಳೆಲ್ಲ ಸಿಕ್ಕಿದ ಮೇಲೂ 58%ರಲ್ಲೇ ನಿಲ್ಲಬಹುದು. 90% ನಿಯಮ ಭಾರತದ ಭೂಕಂಪ ಸಂಹಿತೆ ಐಎಸ್ 1893 ಭಾಗ 1ರಲ್ಲಿ ಕಟ್ಟಡಗಳಿಗೆಂದು ಇರುವುದು, ಅಲ್ಲಿ ಮಾಸ್ ಎಲ್ಲ ನೆಲದ ಮೇಲಿರುತ್ತದೆ. ಇಲ್ಲಿ ನೀವು ಅಳೆಯುತ್ತಿರುವುದು ಬಂಡೆಯ ಮಾಸನ್ನು.

ಇದರಿಂದ ಉತ್ತರವೂ ಕೆಡುತ್ತದೆ. ನಿಮ್ಮ ಬಂಡೆಯ ಶಿಯರ್ ತರಂಗದ ವೇಗ ಸೆಕೆಂಡಿಗೆ 1721 ಮೀ. ತಳ ಬಿಗಿಯಾಗಿರುವ 150 ಮೀ ಆಳದ ಪದರದ ಸ್ವಂತ ಆವರ್ತನ 1721 ÷ 600 = 2.87 ಹರ್ಟ್ಸ್. ಗಟ್ಟಿ ತಳದ ಮೇಲೆ, ನೀರಿಲ್ಲದ ಕೊಯ್ನಾ ಅಡ್ಡಕೊಯ್ತದ ಮೊದಲ ಆವರ್ತನ 3 ಹರ್ಟ್ಸ್ ಹತ್ತಿರ. ಎರಡನೆಯದು 8, ಮೂರನೆಯದು 11ರ ಆಸುಪಾಸು. ಅಂದರೆ ನೀವು ಕತ್ತರಿಸಿಟ್ಟ ಬಂಡೆಯ ಪೆಟ್ಟಿಗೆ ಅಣೆಕಟ್ಟಿನ ತಾಳಕ್ಕೇ ತೂಗುತ್ತಿದೆ. ಮೇಲ್ಮೈಯಲ್ಲಿ ದಾಖಲಾದ ಕಂಪನವನ್ನು ನೀವು ಪೆಟ್ಟಿಗೆಯ ತಳಕ್ಕೆ ಕೊಟ್ಟಿರುತ್ತೀರಿ. ಅಣೆಕಟ್ಟಿನ ಬುಡ ಮುಟ್ಟುವಷ್ಟರಲ್ಲಿ ಅದು ಹಿಗ್ಗಿರುತ್ತದೆ. ಬಿಗಿ ಗಡಿಯಿಂದ ತರಂಗ ಹೊರಗೆ ಹೋಗಲಾರದು, ತಿರುಗಿ ತಿರುಗಿ ಬರುತ್ತಲೇ ಇರುತ್ತದೆ. ಆಳವನ್ನು 150ರಿಂದ 200 ಮೀಟರಿಗೆ ಬದಲಿಸಿ ನೋಡಿ, ನೆತ್ತಿಯ ಚಲನೆ ಬದಲಾಗುತ್ತದೆ. ಬಂಡೆಯನ್ನು ಎಲ್ಲಿ ಕತ್ತರಿಸಿದಿರಿ ಎಂಬುದರ ಮೇಲೆ ಅಣೆಕಟ್ಟಿನ ಉತ್ತರ ನಿಂತಿರಬಾರದು.

ಬಂಡೆಯ ಸಾಂದ್ರತೆಯನ್ನು ಸೊನ್ನೆ ಮಾಡಿ. ಕ್ಲಫ್ ಸೂಚಿಸಿದ ಈ ಹಳೆಯ ಉಪಾಯದಲ್ಲಿ ಬಂಡೆಯ ಸ್ಟಿಫ್‌ನೆಸ್ ಉಳಿಯುತ್ತದೆ, ತರಂಗ ಇರುವುದಿಲ್ಲ, ತಳಕ್ಕೆ ಕೊಟ್ಟದ್ದೇ ಬುಡಕ್ಕೆ ಬರುತ್ತದೆ. ಇದರ ಮಿತಿಯನ್ನು ಬೇರೆಯವರು ಹೇಳಬಹುದು. ಆದರೆ ಈಗಿನ ಮಾಡೆಲ್‌ಗಿಂತ ಇದು ಸರಿ.

ಇನ್ನು ಲೆಕ್ಕದ ಲಾಭ. ಗಾಯನ್ ಕಂಡೆನ್ಸೇಷನ್ (ಬೇಡದ ಡಿಗ್ರಿಗಳನ್ನು ಉಳಿದವುಗಳೊಳಗೆ ಮಡಚಿ ಮ್ಯಾಟ್ರಿಕ್ಸ್ ಕಿರಿದಾಗಿಸುವುದು) ಎಂದರೆ ಅಂದಾಜು ವಿಧಾನ ಎಂದೇ ಹೆಚ್ಚಿನವರು ಓದಿರುತ್ತಾರೆ. ಬಿಟ್ಟುಬಿಡುವ ಡಿಗ್ರಿಗಳಲ್ಲಿ ಮಾಸೇ ಇಲ್ಲದಿದ್ದರೆ ಅದು ಅಂದಾಜಲ್ಲ, ನಿಖರ. ಅಣೆಕಟ್ಟಿನ ತಳದಲ್ಲಿ 71 × 16 = 1136 ನೋಡ್, 3408 ಡಿಗ್ರಿ. ಬಂಡೆಯ 7.2 ಲಕ್ಷ ಡಿಗ್ರಿಗಳನ್ನು ಒಮ್ಮೆ ಕಂಡೆನ್ಸ್ ಮಾಡಿದರೆ 3408 × 3408ರ ತುಂಬಿದ ಮ್ಯಾಟ್ರಿಕ್ಸ್ ಉಳಿಯುತ್ತದೆ. ಸಿಮೆಟ್ರಿಕ್ ಆದ್ದರಿಂದ ಅರ್ಧ ಇಟ್ಟರೆ ಸಾಕು, 46 ಎಂಬಿ. ಮಂಪ್ಸ್, ಪಾರ್ಡಿಸೊ ಎಂಬ ಸಾಲ್ವರ್ ಪ್ರೋಗ್ರಾಂ ಎರಡರಲ್ಲೂ ಇದೇ ಕೆಲಸ ಮಾಡುವ ಶೂರ್ ಕಾಂಪ್ಲಿಮೆಂಟ್ ಆಯ್ಕೆ ಇದೆ, ಕೈಯಿಂದ ಬರೆಯಬೇಕಿಲ್ಲ. ಆಮೇಲೆ ಲೆಕ್ಕವೆಲ್ಲ 1.8 ಲಕ್ಷ ಡಿಗ್ರಿಯದು.

ಒಂದು ಎಚ್ಚರ: ಬಂಡೆಯ ಡ್ಯಾಂಪಿಂಗ್ ಅದರ ಸ್ಟಿಫ್‌ನೆಸ್‌ಗೆ ಒಂದೇ ಗುಣಕದಿಂದ ಅನುಪಾತವಾಗಿದ್ದರೆ ಮಾತ್ರ ನೇರ ಇಂಟಿಗ್ರೇಷನ್‌ನಲ್ಲೂ ಈ ನಿಖರತೆ ಉಳಿಯುತ್ತದೆ. ಪದರ ಪದರಕ್ಕೆ ಬೇರೆ ಬೇರೆ ಗುಣಕ ಕೊಟ್ಟರೆ ಕೈತಪ್ಪುತ್ತದೆ. ಮತ್ತೊಂದು: ಮಾಸ್ ಸೊನ್ನೆಯಾದ ಡಿಗ್ರಿಗಳನ್ನು ಹಾಗೇ ಇಟ್ಟುಕೊಂಡು ಸೆಂಟ್ರಲ್ ಡಿಫರೆನ್ಸ್ (ಪ್ರತಿ ಹೆಜ್ಜೆಯಲ್ಲೂ ಮಾಸ್‌ನಿಂದ ಭಾಗಿಸುವ ವಿಧಾನ) ಓಡಿಸಲಾಗದು, ಸೊನ್ನೆಯಿಂದ ಭಾಗಿಸಿದಂತಾಗುತ್ತದೆ.

ಆ 1.1 ಹರ್ಟ್ಸ್ ಮೋಡಿನ ಆಕಾರ ತೆಗೆದು ನೋಡಿ. ಬ್ಲಾಕು ಅಣೆಕಟ್ಟಿನ ಉದ್ದದ ದಿಕ್ಕಿಗೆ, ತನ್ನ 15 ಮೀ ದಪ್ಪದಲ್ಲಿ ಬಾಗುತ್ತಿರಬೇಕು. 103 ಮೀ ಎತ್ತರದ, 15 ಮೀ ದಪ್ಪದ ಏಕರೂಪ ಕ್ಯಾಂಟಿಲಿವರ್ ಎಂದು ಹಿಡಿದರೆ 0.8 ಹರ್ಟ್ಸ್ ಬರುತ್ತದೆ. ನಿಮ್ಮದು ಮೇಲೆ ಹೋದಂತೆ ಕಿರಿದಾಗುವುದರಿಂದ ಅದಕ್ಕಿಂತ ಜಾಸ್ತಿ. ನಿಜದಲ್ಲಿ ಅಕ್ಕಪಕ್ಕದ ಬ್ಲಾಕುಗಳು ಇದಕ್ಕೆ ಎಡೆ ಕೊಡುವುದಿಲ್ಲ. ಹಾಗೆಂದು ಪಕ್ಕದ ಮುಖಗಳನ್ನು ಬಿಗಿದುಬಿಡಬೇಡಿ. ಜಾಯಿಂಟ್ ಗ್ರೌಟ್ ಆಗಿಲ್ಲದಿದ್ದರೆ ಬ್ಲಾಕು ಪ್ಲೇನ್ ಸ್ಟ್ರೆಸ್‌ಗೆ (ಪಕ್ಕಕ್ಕೆ ಹಿಗ್ಗಲು ಎಡೆ ಇರುವ ಸ್ಥಿತಿ) ಹತ್ತಿರ, ಬಿಗಿದರೆ ಪ್ಲೇನ್ ಸ್ಟ್ರೇನ್ (ಆ ಎಡೆ ಇಲ್ಲದ್ದು) ಆಗಿಬಿಡುತ್ತದೆ. ತೂಬು ನಟ್ಟನಡುವೆ ಇದೆ ಎಂದಿದ್ದೀರಿ, ಗ್ಯಾಲರಿ ಆರಪಾರ ಹೋಗುತ್ತದೆ. ಅಂದಮೇಲೆ ಮಧ್ಯದ ಸಮತಲದ ಎರಡೂ ಕಡೆ ಒಂದೇ ರೂಪ. 7.5 ಮೀ ಅರ್ಧ ಬ್ಲಾಕನ್ನೇ ಮಾಡೆಲ್ ಮಾಡಿ, ಸಮತಲದ ಮೇಲೆ ಸಿಮೆಟ್ರಿ ಷರತ್ತು ಹಾಕಿ. ಹೊಳೆಯ ದಿಕ್ಕು ಮತ್ತು ಲಂಬ ಕಂಪನಕ್ಕೆ ಏನೂ ನಷ್ಟವಿಲ್ಲ. ಅಡ್ಡ ಬಾಗುವ ಮೋಡ್‌ಗಳು ತಾವಾಗಿ ಮಾಯವಾಗುತ್ತವೆ, ಡಿಗ್ರಿಗಳೂ ಹೆಚ್ಚುಕಡಿಮೆ ಅರ್ಧವಾಗುತ್ತವೆ.

ಹೀಲ್ ಸ್ಟ್ರೆಸ್ 20% ಕಡಿಮೆ ಬರುವುದು ಮೋಡ್ ಕತ್ತರಿಸಿದ ದೋಷ. ನೆತ್ತಿಯ ಚಲನೆ ಮೊದಲ ಎರಡು ಮೂರು ಮೋಡ್‌ಗಳ ಕೆಲಸ. ಹೀಲ್‌ನ ಸ್ಟ್ರೆಸ್‌ಗೆ ಬುಡದ ಗಡುಸು ಭಾಗದ ವಿರೂಪ ಬೇಕು. ಅದು ಕಂಪಿಸುವುದಿಲ್ಲ, ನೆಲದ ವೇಗೋತ್ಕರ್ಷದ ಜೊತೆಜೊತೆಗೇ ಏರಿಳಿಯುತ್ತದೆ. ಮೋಡ್ ಹೆಚ್ಚಿಸಿ ಅದನ್ನು ಹಿಡಿಯಲು ಹೋಗುವುದು ದಂಡ. ಸ್ಟ್ಯಾಟಿಕ್ ಕರೆಕ್ಷನ್ ಹಾಕಿ:

ಮಾಸ್ ಮ್ಯಾಟ್ರಿಕ್ಸನ್ನು ದಿಕ್ಕಿನ ವೆಕ್ಟರಿನಿಂದ ಗುಣಿಸಿ ಜಡತ್ವದ ಲೋಡ್ ತೆಗೆಯಿರಿ. ಇಟ್ಟುಕೊಂಡ ಮೋಡ್‌ಗಳು ಅದರಲ್ಲಿ ಎಷ್ಟನ್ನು ಹೊರುತ್ತವೆಯೋ (ಪ್ರತಿ ಮೋಡಿಗೂ ಮಾಸ್ × ಆಕಾರ × ಪಾರ್ಟಿಸಿಪೇಷನ್ ಗುಣಕ, ಅಂದರೆ ಆ ಮೋಡಿಗೆ ಲೋಡ್ ತಗಲುವ ಪ್ರಮಾಣ) ಅಷ್ಟನ್ನು ಕಳೆಯಿರಿ. ಉಳಿದ ಲೋಡಿಗೆ ಒಂದೇ ಒಂದು ಸ್ಟ್ಯಾಟಿಕ್ ಸಾಲ್ವ್. ಬಂದ ಸ್ಟ್ರೆಸ್ಸನ್ನು ಪ್ರತಿ ಕ್ಷಣದ ನೆಲದ ವೇಗೋತ್ಕರ್ಷದಿಂದ ಗುಣಿಸಿ, ಚಿಹ್ನೆ ತಿರುವಿ, ಮೋಡಲ್ ಉತ್ತರಕ್ಕೆ ಕೂಡಿಸಿ. ಎರಡು ದಿಕ್ಕಿಗೆ ಎರಡು ಸಾಲ್ವ್. ದಾಖಲೆಯ ಶಕ್ತಿ 25 ಹರ್ಟ್ಸ್‌ಗೆ ಮುಗಿದರೆ 30ರವರೆಗಿನ ಮೋಡ್ ತೆಗೆದು ಇದನ್ನು ಸೇರಿಸಿದರೆ ಸಾಕು.

ಸರಿಬಂತೇ ಎಂದು ನೋಡಲು ಹೊಳೆಯ ದಿಕ್ಕಿಗೆ 1 ಜಿ (ಗುರುತ್ವದಷ್ಟು) ಲೋಡನ್ನು ಸ್ಟ್ಯಾಟಿಕ್ ಆಗಿ ಹಾಕಿ ಹೀಲ್ ಸ್ಟ್ರೆಸ್ ತೆಗೆಯಿರಿ. ಪ್ರತಿ ಮೋಡಿನ ಸ್ಟ್ರೆಸ್ × ಪಾರ್ಟಿಸಿಪೇಷನ್ ಗುಣಕ × 9.81 ÷ ಕೋನೀಯ ಆವರ್ತನದ ವರ್ಗ, ಇವುಗಳ ಮೊತ್ತದ ಜೊತೆ ಹೋಲಿಸಿ. ಕರೆಕ್ಷನ್ ಇಲ್ಲದೆ ಎಷ್ಟು ಕೊರತೆ ಇದೆ ಎಂದು ನೇರ ಗೊತ್ತಾಗುತ್ತದೆ. ಮಾಸ್ ಶೇಕಡಾಕ್ಕಿಂತ ಈ ಸಂಖ್ಯೆಯನ್ನು ನಂಬಿ. ಹೋಲಿಕೆ ಒಂದೇ ಮೆಶ್ ಮೇಲಿರಲಿ. ಹೀಲ್ ಒಳಮೂಲೆಯಾದ್ದರಿಂದ ಎಲಿಮೆಂಟ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ.

---

ಮೆಮೊರಿ_ಲೆಕ್ಕ

ಆ 14 ಗಂಟೆಯ ಗುಟ್ಟು ನಿಮ್ಮ ಲಾಗ್‌ನಲ್ಲೇ ಇದೆ.

50,400 ಸೆಕೆಂಡು ÷ 4000 = ಹೆಜ್ಜೆಗೆ 12.6 ಸೆಕೆಂಡು. ಫ್ಯಾಕ್ಟರ್ 10 ಜಿಬಿ. ಪ್ರತಿ ಹೆಜ್ಜೆಯಲ್ಲೂ ಅದನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓದಬೇಕು: 20 ಜಿಬಿ. 20 ÷ 12.6 ಅಂದರೆ ಸೆಕೆಂಡಿಗೆ 1.6 ಜಿಬಿ. ಇದು ಎಸ್‌ಎಸ್‌ಡಿಯ ವೇಗ, ಮೆಮೊರಿಯದ್ದಲ್ಲ. 16 ಜಿಬಿಯಲ್ಲಿ ಫ್ಯಾಕ್ಟರ್, ಮೂಲ ಮ್ಯಾಟ್ರಿಕ್ಸ್‌ಗಳು, ಆಪರೇಟಿಂಗ್ ಸಿಸ್ಟಂ ಎಲ್ಲ ಕೂರದೆ ಸಾಲ್ವರ್ ಡಿಸ್ಕಿಗೆ ಇಳಿದಿದೆ. ಪ್ರೊಸೆಸರ್ ಖಾಲಿ ಕೂತಿರುತ್ತದೆ. ಓಡುವಾಗ ಅದರ ಬಳಕೆ ನೋಡಿ. ಕೋರ್ ಹೆಚ್ಚಿಸಿದರೆ ಬಿಡಿಗಾಸಿನ ಲಾಭವೂ ಇಲ್ಲ.

ಇದೇ ಮಾಡೆಲನ್ನು 64 ಜಿಬಿ ಯಂತ್ರದಲ್ಲಿ, ಸೆಕೆಂಡಿಗೆ 40 ಜಿಬಿ ಓದುವ ಮೆಮೊರಿಯಲ್ಲಿ ಓಡಿಸಿದರೆ ಹೆಜ್ಜೆಗೆ ಅರ್ಧ ಸೆಕೆಂಡು, ಒಟ್ಟು 33 ನಿಮಿಷ. ಆದರೆ ಮೇಲೆ ಹೇಳಿದಂತೆ ಬಂಡೆಯನ್ನು ಕಂಡೆನ್ಸ್ ಮಾಡಿದರೆ ಫ್ಯಾಕ್ಟರ್ 3 ಜಿಬಿ ಆಸುಪಾಸಿಗೆ ಇಳಿಯುತ್ತದೆ, ನಿಮ್ಮ 16 ಜಿಬಿಯಲ್ಲೇ ಕೂರುತ್ತದೆ. ಹೊಸ ಯಂತ್ರ ಬೇಕಿಲ್ಲ.

ಲೀನಿಯರ್ ಲೆಕ್ಕದಲ್ಲಿ ಖರ್ಚು ಎಂದರೆ ಫ್ಯಾಕ್ಟರನ್ನು ಎಷ್ಟು ಸಲ ಓದುತ್ತೀರಿ ಎಂಬುದು. ಹಾಗೆ ಎಣಿಸಿದರೆ ನೇರ ಇಂಟಿಗ್ರೇಷನ್ ಒಂದು ದಾಖಲೆಗೆ 4000 ಸಾಲ್ವ್, ಏಳಕ್ಕೆ 28,000. ಲ್ಯಾಂಕ್‌ಜೋಸ್ 200 ಮೋಡಿಗೆ 400–500 ಸಾಲ್ವ್, ಅದೂ ಏಳು ದಾಖಲೆಗೂ ಸೇರಿ ಒಮ್ಮೆ ಮಾತ್ರ. ವಿಲ್ಸನ್, ಯುವಾನ್, ಡಿಕನ್ಸ್ 1982ರಲ್ಲಿ ಕೊಟ್ಟ ಲೋಡ್ ಆಧಾರಿತ ರಿಟ್ಜ್ ವೆಕ್ಟರ್ (ಮೋಡ್‌ಗಳ ಬದಲು ಲೋಡಿನಿಂದಲೇ ಹುಟ್ಟಿಸಿದ ಆಕಾರ) ಆದರೆ 40 ವೆಕ್ಟರಿಗೆ 40 ಸಾಲ್ವ್. ಮೊದಲ ವೆಕ್ಟರೇ ಜಡತ್ವ ಲೋಡಿನ ಸ್ಟ್ಯಾಟಿಕ್ ಉತ್ತರವಾದ್ದರಿಂದ ಸ್ಟ್ಯಾಟಿಕ್ ಕರೆಕ್ಷನ್ ಅದರೊಳಗೇ ಬಂದಿರುತ್ತದೆ. ಅದರಲ್ಲಿ ಕೆಡುವುದು ಒಂದೇ: ಹತ್ತು ಹದಿನೈದು ವೆಕ್ಟರ್ ಆದಮೇಲೆ ಆರ್ಥೋಗನಾಲಿಟಿ (ವೆಕ್ಟರ್‌ಗಳು ಒಂದಕ್ಕೊಂದು ಲಂಬವಾಗಿರುವ ಗುಣ) ಸವೆಯುತ್ತದೆ, ಒಂದೇ ಮೋಡ್ ಎರಡು ಸಲ ತಲೆಹಾಕುತ್ತದೆ. ಪ್ರತಿ ಹೊಸ ವೆಕ್ಟರಿಗೂ ಗ್ರಾಂ-ಶ್ಮಿಟ್ ಎರಡು ಬಾರಿ ಮಾಡಿ.

ನಿಜವಾದ ಮೋಡ್‌ಗಳನ್ನೇ ತೆಗೆಯುವುದಾದರೆ ಯಾವುದೂ ತಪ್ಪಿಲ್ಲ ಎಂಬುದಕ್ಕೆ ಸ್ಟರ್ಮ್ ಎಣಿಕೆ ಮಾಡಿ. 30 ಹರ್ಟ್ಸ್‌ಗೆ ಶಿಫ್ಟ್ ಮಾಡಿದ ಮ್ಯಾಟ್ರಿಕ್ಸನ್ನು ಫ್ಯಾಕ್ಟರ್ ಮಾಡಿದಾಗ ಎಷ್ಟು ಋಣ ಪಿವಟ್ ಬರುತ್ತವೋ ಅಷ್ಟೇ ಮೋಡ್ 30ರ ಕೆಳಗಿವೆ.

ಮೋಡಲ್ ಸಮೀಕರಣಗಳಿಗೆ ನ್ಯೂಮಾರ್ಕ್ ಬಳಸಬೇಡಿ. ನಿಗಮ್-ಜೆನಿಂಗ್ಸ್ ವಿಧಾನದಲ್ಲಿ ಎರಡು ಬಿಂದುಗಳ ನಡುವೆ ವೇಗೋತ್ಕರ್ಷ ಸರಳರೇಖೆ ಎಂದು ಹಿಡಿದರೆ ಉತ್ತರ ನಿಖರ. ನ್ಯೂಮಾರ್ಕ್ ಸರಾಸರಿ ವೇಗೋತ್ಕರ್ಷ ಅಸ್ಥಿರವಾಗುವುದಿಲ್ಲ, ಆದರೆ ಅವಧಿಯನ್ನು ಉದ್ದ ಮಾಡುತ್ತದೆ: ಹೆಜ್ಜೆ ಅವಧಿಯ ಹತ್ತರಲ್ಲೊಂದಾದರೆ ಸುಮಾರು 3%. ನಿಮ್ಮ 0.005ಕ್ಕೆ 11 ಹರ್ಟ್ಸ್‌ನಲ್ಲಿ ದೋಷ 1%, ಪರವಾಗಿಲ್ಲ. ಬೇಗ ಮುಗಿಸಲೆಂದು 0.01 ಮಾಡಿದರೆ ಅದು 4% ಹತ್ತಿರ ಹೋಗುತ್ತದೆ.

ನೇರ ಇಂಟಿಗ್ರೇಷನ್ ಮಾಡಲೇಬೇಕಾದರೆ ಎರಡು ಮಾತು. ಸ್ವಯಂಚಾಲಿತ ಹೆಜ್ಜೆ ಆಯ್ಕೆಯನ್ನು ಆಫ್ ಮಾಡಿ, ಹೆಜ್ಜೆ ಬದಲಾದಾಗಲೆಲ್ಲ ಮ್ಯಾಟ್ರಿಕ್ಸ್ ಬದಲಾಗಿ ಮತ್ತೆ ಫ್ಯಾಕ್ಟರ್ ಆಗುತ್ತದೆ. ಮತ್ತು ಏಳೂ ದಾಖಲೆಗಳನ್ನು ಒಂದೇ ಹೆಜ್ಜೆಗೆ ತಂದು ಏಳು ಬಲಬದಿಗಳನ್ನು ಒಟ್ಟಿಗೆ ಸಾಲ್ವ್ ಮಾಡಿ. ಫ್ಯಾಕ್ಟರನ್ನು ಒಮ್ಮೆ ಓದಿದರೆ ಏಳಕ್ಕೂ ಆಯಿತು.

ಇನ್ನೊಂದು ಸದ್ದಿಲ್ಲದ ಖರ್ಚು ಔಟ್‌ಪುಟ್. 3 ಲಕ್ಷ ಎಲಿಮೆಂಟ್, ತಲಾ 8 ಬಿಂದು, 6 ಸ್ಟ್ರೆಸ್, 8 ಬೈಟ್: ಹೆಜ್ಜೆಗೆ 115 ಎಂಬಿ, 4000 ಹೆಜ್ಜೆಗೆ 460 ಜಿಬಿ. ಹೀಲ್, ಕೆಳಮುಖದ ಇಳಿಜಾರು ಬದಲಾಗುವ 66.5 ಮೀ ಮಟ್ಟ, ತೂಬು-ಗ್ಯಾಲರಿ ಮೂಲೆ, ನೆತ್ತಿ, ಇಷ್ಟನ್ನೇ ಬರೆಸಿ. ಆ 66.5 ಮೀ ಮಟ್ಟವನ್ನು ಮಾತ್ರ ಬಿಡಬೇಡಿ. 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಕೊಯ್ನಾ ಬಿರುಕು ಬಿಟ್ಟಿದ್ದು ಆ ಆಸುಪಾಸಿನಲ್ಲೇ.

---

ಬ್ಲಾಕ್_ಲೆಕ್ಕ

ಮೋಡಿನ ಆಕಾರ ನೋಡಿದೆ, 1.1 ಹರ್ಟ್ಸ್‌ನದು ಅಡ್ಡ ಬಾಗುವಿಕೆಯೇ. ಅರ್ಧ ಬ್ಲಾಕು, ಮಾಸ್ ಇಲ್ಲದ ಬಂಡೆ, ಸ್ಟ್ಯಾಟಿಕ್ ಕರೆಕ್ಷನ್ ಹೀಗೆ ಹೊರಡುತ್ತೇವೆ. ಎರಡು ಉಳಿದಿವೆ. ಡ್ಯಾಂಪಿಂಗ್ 5% ಬೇಕು; ಈಗ ಸ್ಟಿಫ್‌ನೆಸ್ ಅನುಪಾತದ್ದು ಮಾತ್ರ ಹಾಕಿದೆ. ಮತ್ತು ನೀರು: ಮಟ್ಟ ತಳದಿಂದ 91.75 ಮೀ, ವೆಸ್ಟರ್‌ಗಾರ್ಡ್ ಸಾಕೇ?

---

ಕಲ್ಲುಕಟ್ಟೆ

ಡ್ಯಾಂಪಿಂಗ್ ಮೊದಲು. ಬರೀ ಸ್ಟಿಫ್‌ನೆಸ್ ಅನುಪಾತದ್ದು ಹಾಕಿದರೆ ಆವರ್ತನದ ಜೊತೆ ಡ್ಯಾಂಪಿಂಗ್ ನೇರ ಏರುತ್ತದೆ. 3 ಹರ್ಟ್ಸ್‌ಗೆ 5% ಎಂದು ಕೂರಿಸಿದರೆ 8 ಹರ್ಟ್ಸ್‌ಗೆ 13%, 11ಕ್ಕೆ 18%. ನೆತ್ತಿಯ ಭಾಗದ ಸ್ಟ್ರೆಸ್‌ನಲ್ಲಿ ಎರಡನೆಯ ಮೋಡಿಗೆ ದೊಡ್ಡ ಪಾಲು. ಅದನ್ನೇ ನೀವು ಕೊಂದಂತೆ. ಮೋಡಲ್ ವಿಧಾನದಲ್ಲಿ ಪ್ರತಿ ಮೋಡಿಗೂ 5% ನೇರ ಕೊಟ್ಟರೆ ಈ ತಾಪತ್ರಯವೇ ಇಲ್ಲ. ನೇರ ಇಂಟಿಗ್ರೇಷನ್‌ಗೆ ರೇಲೀ ಡ್ಯಾಂಪಿಂಗ್ (ಮಾಸ್, ಸ್ಟಿಫ್‌ನೆಸ್ ಎರಡಕ್ಕೂ ಅನುಪಾತವಾದದ್ದು) ಬೇಕಾದರೆ 3 ಮತ್ತು 15 ಹರ್ಟ್ಸ್‌ಗಳಲ್ಲಿ 5% ಕೂರಿಸಿ: ಮಾಸ್ ಗುಣಕ 1.571, ಸ್ಟಿಫ್‌ನೆಸ್ ಗುಣಕ 0.000884. ನಡುವೆ 6.7 ಹರ್ಟ್ಸ್‌ನಲ್ಲಿ 3.7%ಕ್ಕೆ ಇಳಿಯುತ್ತದೆ, ಅದು ಸುರಕ್ಷಿತ ಕಡೆಗೇ. ಬಂಡೆಯ ಮೆದುತನ, ನೀರು ಎರಡೂ ಸೇರಿದ ಮೇಲೆ ಮೊದಲ ಆವರ್ತನ 3ಕ್ಕಿಂತ ಇಳಿಯುತ್ತದೆ. ಗುಣಕಗಳನ್ನು ಆ ಇಳಿದ ಸಂಖ್ಯೆಗೆ ಮತ್ತೆ ಲೆಕ್ಕ ಹಾಕಬೇಕು.

ನೀರಿಗೆ ವೆಸ್ಟರ್‌ಗಾರ್ಡ್ ಇಲ್ಲಿ ಒಪ್ಪುವುದಿಲ್ಲ ಎಂದೇ ನನ್ನ ಮಾತು. ಜಲಾಶಯದ ಸ್ವಂತ ಆವರ್ತನ ನೀರಿನಲ್ಲಿನ ಶಬ್ದವೇಗ ÷ ಆಳದ ನಾಲ್ಕರಷ್ಟು: 1440 ÷ 367 = 3.92 ಹರ್ಟ್ಸ್. ಅಣೆಕಟ್ಟಿನದು 3. ಅನುಪಾತ 1.3. ಇದು 2ಕ್ಕಿಂತ ಕಡಿಮೆ ಇದ್ದಾಗ ನೀರಿನ ಸಂಕೋಚನವನ್ನು ಬಿಡಬಾರದೆಂದು ಚೋಪ್ರಾ 1960ರ ದಶಕದಲ್ಲೇ ತೋರಿಸಿದ್ದಾರೆ. ಅಂಟಿಸಿದ ಮಾಸ್ ಎಂದರೆ ಸಂಕೋಚನವಿಲ್ಲದ ನೀರು.

ಮೊದಲ ಸುತ್ತಿನ ಅಂದಾಜಿಗೆ ವೆಸ್ಟರ್‌ಗಾರ್ಡ್ ಹಾಕುವುದಾದರೆ ಚದರ ಮೀಟರಿಗೆ 7/8 × ನೀರಿನ ಸಾಂದ್ರತೆ × (ಒಟ್ಟು ಆಳ × ಆ ಬಿಂದುವಿನ ಆಳ)ದ ವರ್ಗಮೂಲ. 20 ಮೀ ಆಳದಲ್ಲಿ 37.5 ಟನ್, ತಳದಲ್ಲಿ 80 ಟನ್. ಕೆಡುವುದು ಎರಡು ಕಡೆ. ಪ್ರೋಗ್ರಾಂ ನೋಡ್ ಮಾಸನ್ನು ಮೂರೂ ದಿಕ್ಕಿಗೆ ಹಾಕಿಬಿಡುತ್ತದೆ. ಬೇಕಿರುವುದು ಮುಖಕ್ಕೆ ಲಂಬವಾದ ದಿಕ್ಕಿಗೆ ಮಾತ್ರ. ಹಾಗೆ ಬಿಟ್ಟರೆ ಲಂಬ ಕಂಪನದಲ್ಲಿ ನೀರು ಗೋಡೆಗೆ ಅಂಟಿ ಮೇಲೆ ಕೆಳಗೆ ಕುಣಿಯುತ್ತದೆ. ಇನ್ನೊಂದು, ಸ್ವಂತ ತೂಕದ ಲೋಡನ್ನು ಮಾಸ್‌ನಿಂದ ತೆಗೆದರೆ ಈ ನೀರಿನ ತೂಕವೂ ಕಾಂಕ್ರೀಟಿನ ಮೇಲೆ ಬಂದು ಕೂತು ಹೀಲ್‌ನಲ್ಲಿ ಇಲ್ಲದ ಕಂಪ್ರೆಷನ್ ತೋರಿಸುತ್ತದೆ. ಸ್ಟ್ಯಾಟಿಕ್ ಲೆಕ್ಕ ಮುಗಿಸಿದ ಮೇಲೆಯೇ ನೀರಿನ ಮಾಸ್ ಸೇರಿಸಿ.

ಸರಿಯಾದ ದಾರಿ ಅಕೌಸ್ಟಿಕ್ ಎಲಿಮೆಂಟ್ (ನೀರಿನ ಒತ್ತಡದ ತರಂಗವನ್ನೇ ಲೆಕ್ಕ ಹಾಕುವುದು). ಆದರೆ ಚಲನೆ-ಒತ್ತಡ ರೂಪದಲ್ಲಿ ಮ್ಯಾಟ್ರಿಕ್ಸ್ ಅಸಿಮೆಟ್ರಿಕ್. ಮಾಮೂಲಿ ಲ್ಯಾಂಕ್‌ಜೋಸ್ ನಡೆಯುವುದಿಲ್ಲ. ಪೊಟೆನ್ಷಿಯಲ್ ಸೇರಿಸಿದ ಸಿಮೆಟ್ರಿಕ್ ರೂಪ ನಿಮ್ಮ ಪ್ರೋಗ್ರಾಂನಲ್ಲಿ ಇದೆಯೇ ನೋಡಿ. ಜಲಾಶಯದ ದೂರದ ತುದಿಗೆ ತರಂಗ ಹೀರುವ ಗಡಿ ಹಾಕಿದರೆ ಡ್ಯಾಂಪಿಂಗ್ ಮೋಡ್‌ಗಳಿಂದ ಬಿಡಿಸಲಾಗದಂತಾಗುತ್ತದೆ. ಆಗ ರಿಟ್ಜ್ ವೆಕ್ಟರ್‌ಗಳಿಂದ ಗಾತ್ರ ಇಳಿಸಿ, ಉಳಿದ ಸಣ್ಣ ಸಮೀಕರಣಗಳನ್ನು ಜೋಡಿ ಬಿಡಿಸದೆ ಒಟ್ಟಿಗೇ ಇಂಟಿಗ್ರೇಟ್ ಮಾಡಿ. 60 × 60 ಮ್ಯಾಟ್ರಿಕ್ಸಿನ 4000 ಹೆಜ್ಜೆ ಲೆಕ್ಕಕ್ಕೇ ಬರುವುದಿಲ್ಲ.

ಇವೆಲ್ಲವನ್ನೂ ತ್ರೀಡಿಯಲ್ಲಿ ಪ್ರಯೋಗ ಮಾಡಬೇಡಿ. ತೂಬಿಲ್ಲದ ಟೂಡಿ ಅಡ್ಡಕೊಯ್ತ 1 ಮೀ ಮೆಶ್‌ನಲ್ಲಿ 3700 ನೋಡ್, 7400 ಡಿಗ್ರಿ. ಹೆಜ್ಜೆ, ಡ್ಯಾಂಪಿಂಗ್, ನೀರು, ಬಂಡೆಯ ಆಳ ಎಲ್ಲವನ್ನೂ ಅಲ್ಲಿ ನಿಮಿಷಗಳಲ್ಲಿ ತೀರ್ಮಾನಿಸಿ. ಗಟ್ಟಿ ತಳ, ನೀರಿಲ್ಲದೆ 3, 8, 11 ಹರ್ಟ್ಸ್ ಬರದಿದ್ದರೆ ಮುಂದೆ ಹೋಗಲೇಬೇಡಿ.

---

ಸ್ಪಾರ್ಸ್_ಸಾಲ್ವರ್

ಮಾಸ್ ಇಲ್ಲದ ಬಂಡೆಯ ಮಿತಿ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಅಲ್ಲಿ ತರಂಗವೇ ಇಲ್ಲದ್ದರಿಂದ ಅಣೆಕಟ್ಟಿನಿಂದ ಬಂಡೆಗೆ ಇಳಿದು ಹೋಗುವ ಶಕ್ತಿಯೂ ಇಲ್ಲ; ಸ್ಟ್ರೆಸ್ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಹಾಗೆ ಬಂದ ಸ್ಟ್ರೆಸ್ ಕಾಂಕ್ರೀಟ್ ತಾಳುವಷ್ಟೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಮೀರಿದರೆ ಮಾತ್ರ ಬಂಡೆಗೆ ಮಾಸ್ ಕೊಟ್ಟು, ಗಡಿಗೆ ತರಂಗ ಹೀರುವ ಲೈಸ್ಮರ್-ಕುಲ್‌ಮೆಯರ್ ಡ್ಯಾಶ್‌ಪಾಟ್ ಹಾಕಿ. ಚದರ ಮೀಟರಿಗೆ ಶಿಯರ್ ದಿಕ್ಕಿಗೆ 2700 × 1721, ಅಂದರೆ 46.5 ಲಕ್ಷ ನ್ಯೂಟನ್-ಸೆಕೆಂಡು ಪ್ರತಿ ಮೀಟರಿಗೆ. ಗಡಿಗೆ ಲಂಬವಾದ ದಿಕ್ಕಿಗೆ ಪಿ ತರಂಗದ (ಒತ್ತಡದ ತರಂಗದ) ವೇಗ ಬಳಸಿ. ಡ್ಯಾಶ್‌ಪಾಟ್ ಬದಲಾಗದ್ದರಿಂದ ಇಲ್ಲೂ ಫ್ಯಾಕ್ಟರ್ ಒಮ್ಮೆ ಮಾತ್ರ. ಆದರೆ ಗಾಯನ್ ಇನ್ನು ನಿಖರವಲ್ಲ, 9 ಲಕ್ಷ (ಅರ್ಧ ಬ್ಲಾಕಿಗೆ ಅದರರ್ಧ) ಪೂರ್ತಿ ಹೊರಬೇಕು.

ಹೆಚ್ಚಿನವರು ಎಡವುವುದು ಇನ್‌ಪುಟ್‌ನಲ್ಲಿ. ಡ್ಯಾಶ್‌ಪಾಟ್ ಇರುವ ತಳಕ್ಕೆ ವೇಗೋತ್ಕರ್ಷವನ್ನು ಹೇರಿದರೆ ಡ್ಯಾಶ್‌ಪಾಟ್ ಇದ್ದೂ ಇಲ್ಲದಂತೆ, ಗಡಿ ಮತ್ತೆ ಬಿಗಿಯಾಯಿತು. ತಳಕ್ಕೆ ಕೊಡಬೇಕಾದ್ದು ಶಿಯರ್ ಒತ್ತಡ: ಸಾಂದ್ರತೆ × ಶಿಯರ್ ವೇಗ × ಬಂಡೆಯ ತೆರೆದ ಮೇಲ್ಮೈಯ ಕಂಪನದ ವೇಗ. ಮೇಲೇರುವ ತರಂಗ ಮೇಲ್ಮೈ ಕಂಪನದ ಅರ್ಧ, ಡ್ಯಾಶ್‌ಪಾಟ್ ಅರ್ಧ ಬಲವನ್ನು ನುಂಗುವುದರಿಂದ ಎರಡರಷ್ಟು. ಅರ್ಧ, ಎರಡು ಸರಿಹೋಗುತ್ತವೆ. ವೇಗದ ದಾಖಲೆ ಕೊನೆಯಲ್ಲಿ ಸೊನ್ನೆಗೆ ಮರಳಬೇಕು, ಬೇಸ್‌ಲೈನ್ ತಿದ್ದದಿದ್ದರೆ ಇಡೀ ಮಾಡೆಲ್ ತೇಲಿಕೊಂಡು ಹೋಗುತ್ತದೆ. ಪಕ್ಕದ ಗಡಿಗಳಿಗೂ ಫ್ರೀ ಫೀಲ್ಡ್ (ಅಣೆಕಟ್ಟಿಲ್ಲದ ನೆಲದ ಕಂಪನದ) ಬಲ ಕೊಡಬೇಕು. ಬರೀ ಡ್ಯಾಶ್‌ಪಾಟ್ ಇಟ್ಟರೆ ನೆಟ್ಟಗೆ ಮೇಲೇರುತ್ತಿರುವ ತರಂಗವನ್ನೇ ಅವು ಪಕ್ಕದಿಂದ ಹೀರಿಬಿಡುತ್ತವೆ.

ಅಣೆಕಟ್ಟನ್ನು ತೆಗೆದು ಬರೀ ಬಂಡೆಯನ್ನು ಮೊದಲು ಓಡಿಸಿ. ಮೇಲ್ಮೈಯ ನಡುವೆಯೂ ಅಂಚಿನಲ್ಲೂ ಮೂಲ ದಾಖಲೆ, ತರಂಗ ಏರಿ ಬರುವ 150 ÷ 1721 = 0.087 ಸೆಕೆಂಡು ತಡವಾಗಿ, ಹಾಗೇ ಮರಳಿ ಬರಬೇಕು. ಬಂದ ಮೇಲೆ ಅಣೆಕಟ್ಟನ್ನು ಕೂರಿಸಿ.